ನಿಂತುಹೋದ ಸತ್ಯವೇದ ಓದನ್ನು ಮತ್ತೆ ಹಿಡಿಯುವ ಬಗೆ

ಭಾನುವಾರದ ಆರಾಧನೆಯಲ್ಲಿ ಕೇಳುವ ಪ್ರಸಂಗ ಬೇರೆ, ಮನೆಯವರೆಲ್ಲ ಕೂಡಿ ಮಾಡುವ ಸಂಜೆಯ ಪ್ರಾರ್ಥನೆ ಬೇರೆ. ವೈಯಕ್ತಿಕ ಸತ್ಯವೇದ ಅಧ್ಯಯನ ಈ ಎರಡಕ್ಕೂ ಸೇರದ ಮೂರನೆಯದು. ಕ್ರೈಸ್ತ ವಿಶ್ವಾಸಿಯೊಬ್ಬರು ತಾವೊಬ್ಬರೇ ಕೂತು, ಒಂದು ಪುಸ್ತಕವನ್ನು ಕ್ರಮವಾಗಿ ಓದಿ, ಅರ್ಥ ಹುಡುಕಿ, ಓದಿದ್ದನ್ನು ಪ್ರಾರ್ಥನೆಗೂ ನಡತೆಗೂ ತಂದುಕೊಳ್ಳುವ ರೂಢಿ ಅದು. ಯಾರೂ ಹಾಜರಿ ತೆಗೆದುಕೊಳ್ಳದ ರೂಢಿಯಾದ್ದರಿಂದ ಎಲ್ಲಕ್ಕಿಂತ ಮೊದಲು ನಿಲ್ಲುವುದೂ ಇದೇ. ಚರ್ಚಿಗೆ ನಾಲ್ಕು ವಾರ ಹೋಗದಿದ್ದರೆ ಕೇಳುವವರಿರುತ್ತಾರೆ. ಓದು ನಿಂತದ್ದು ಎಷ್ಟೋ ಸಲ ಮನೆಯವರಿಗೂ ಗೊತ್ತಾಗುವುದಿಲ್ಲ.

ಕಲಬುರಗಿ ಸೀಮೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಓದು ನಿಲ್ಲುವುದಕ್ಕೆ ಭಕ್ತಿಯ ಕೊರತೆಯನ್ನೇ ಕಾರಣ ಮಾಡುವುದು ಸರಿಯಲ್ಲ. ಇಲ್ಲಿನ ದಿನಚರಿಯೇ ಒಂದು ತೆರನಾಗಿಲ್ಲ. ಮಳಖೇಡದ ಆದಿತ್ಯನಗರ ಕಾಲನಿಯವರಿಗೂ ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳವರಿಗೂ ಪಾಳಿ ಬದಲಾದಂತೆ ಹಗಲು ರಾತ್ರಿಗಳೇ ಅದಲು ಬದಲು. ವಾಡಿ ಜಂಕ್ಷನ್ನಿನ ರೈಲ್ವೆ ನೌಕರರದೂ ಅದೇ ಕಥೆ. ಶಹಾಬಾದಿನ ಕಲ್ಲು ಗಣಿಗೆ ಹೋಗುವವರು ಬಿಸಿಲೇರುವ ಮೊದಲೇ ಮನೆ ಬಿಡುತ್ತಾರೆ. ಚಿಂಚೋಳಿ, ಚಿತ್ತಾಪುರದ ಹಳ್ಳಿಗಳಲ್ಲಿ ತೊಗರಿ ಕೊಯ್ಲು ಶುರುವಾದರೆ ರಾಶಿ ಮುಗಿಯುವ ತನಕ ಪುಸ್ತಕ ಹಿಡಿಯಲು ಕೈ ಬಿಡುವಿರುವುದಿಲ್ಲ. 'ಬೆಳಿಗ್ಗೆ ಐದಕ್ಕೆ ಎದ್ದು ಓದಿ' ಎಂಬ ಸಾಮಾನ್ಯ ಉಪದೇಶ ಇಂಥ ಕಡೆ ಎರಡು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ.

ಹಾಗಾಗಿ ಮೊದಲ ಕೆಲಸ, ಓದನ್ನು ಗಡಿಯಾರಕ್ಕೆ ಕಟ್ಟದೆ ದಿನದ ಯಾವುದಾದರೂ ತಪ್ಪದ ಕೆಲಸಕ್ಕೆ ಕಟ್ಟುವುದು. ರಾತ್ರಿ ಪಾಳಿಯವರು ಡ್ಯೂಟಿ ಮುಗಿಸಿ ಬಂದ ಕೂಡಲೇ ಓದಲು ಕೂತರೆ ಕಣ್ಣು ಸಾಲಿನ ಮೇಲಿದ್ದರೂ ಬುದ್ಧಿ ನಿದ್ದೆಯಲ್ಲಿರುತ್ತದೆ. ಮಲಗಿ ಎದ್ದು, ಮೊದಲ ಚಹಾ ಕುಡಿಯುವ ಹೊತ್ತು ಅವರಿಗೆ ವಾಸಿ. ಹಗಲು ಪಾಳಿಗೆ ಹೋದ ವಾರ ಆ ಚಹಾ ಸಂಜೆಗೆ ಸರಿಯಬಹುದು, ಓದೂ ಅದರ ಜೊತೆ ಸರಿಯುತ್ತದೆ. ಗೃಹಿಣಿಯರಿಗೆ ಮಕ್ಕಳು ಶಾಲೆಗೆ ಹೋದ ಮೇಲೆ ಸಿಗುವ ಕಾಲು ತಾಸು, ವಾಡಿಯಿಂದ ಕಲಬುರಗಿಗೆ ದಿನಾ ಓಡಾಡುವವರಿಗೆ ರೈಲಿನಲ್ಲಿ ಸೀಟು ಸಿಕ್ಕ ಕ್ಷಣ, ಹೀಗೆ ಗಂಟು ಹಾಕಿಕೊಳ್ಳಬೇಕು. ಶುರುವಿಗೆ ಹದಿನೈದು ನಿಮಿಷ ಸಾಕು. ಬಹುಕಾಲ ಬಿಟ್ಟವರು ಮೊದಲ ದಿನವೇ ಒಂದು ತಾಸು ಕೂತರೆ, ಸಾಮಾನ್ಯವಾಗಿ ಮೂರನೆಯ ದಿನ ಕೂರುವುದಿಲ್ಲ.

ಮೆಥೋಡಿಸ್ಟ್ ಸಭೆಗಳವರಿಗೆ ಈ ಮಾತು ಹೊಸದಾಗಬೇಕಿಲ್ಲ. ಆ ಚಳವಳಿಯ ಮೂಲಪುರುಷ ಜಾನ್ ವೆಸ್ಲಿ 1765ರಲ್ಲಿ ಹಳೆಯ ಒಡಂಬಡಿಕೆಯ ಮೇಲಿನ ತಮ್ಮ ಟಿಪ್ಪಣಿಗಳಿಗೆ ಬರೆದ ಮುನ್ನುಡಿಯಲ್ಲಿ ಓದುಗರಿಗೆ ಕೊಟ್ಟ ಸಲಹೆ ಬಹಳ ಸಡಿಲವಾದದ್ದು. ಸಾಧ್ಯವಾದರೆ ಬೆಳಿಗ್ಗೆ ಸಂಜೆ ಸ್ವಲ್ಪ ಸಮಯ. ಬಿಡುವಿದ್ದರೆ ಹಳೆಯ ಒಡಂಬಡಿಕೆಯಿಂದ ಒಂದು ಅಧ್ಯಾಯ, ಹೊಸದರಿಂದ ಒಂದು. ಅಷ್ಟಾಗದಿದ್ದರೆ ಒಂದೇ ಅಧ್ಯಾಯ, ಅದೂ ಆಗದಿದ್ದರೆ ಅಧ್ಯಾಯದ ಒಂದು ಭಾಗ. ಕುದುರೆ ಮೇಲೆ ಊರೂರು ಅಲೆದು ಉಪದೇಶಿಸಿದ ಮನುಷ್ಯನಿಗೆ ಬಿಡುವಿಲ್ಲದವರ ಪಾಡು ತಿಳಿದಿತ್ತು ಎನ್ನಬೇಕು.

ಬಾಕಿ ತೀರಿಸುವ ಗೋಜು ಬೇಡ

ಹೊಸ ವರ್ಷದ ಆರಾಧನೆಯಲ್ಲಿ ಇಡೀ ಸತ್ಯವೇದವನ್ನು ಒಂದು ವರ್ಷದಲ್ಲಿ ಓದಿ ಮುಗಿಸುತ್ತೇವೆಂದು ತೀರ್ಮಾನಿಸುವವರು ಬಹಳ. ಪ್ರೊಟೆಸ್ಟಂಟ್ ಸತ್ಯವೇದದ 66 ಪುಸ್ತಕಗಳಲ್ಲಿ ಒಟ್ಟು 1189 ಅಧ್ಯಾಯಗಳಿವೆ: ಹಳೆಯ ಒಡಂಬಡಿಕೆಯಲ್ಲಿ 929, ಹೊಸದರಲ್ಲಿ 260. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರು ನಾಲ್ಕು ಅಧ್ಯಾಯ ಬೀಳುತ್ತವೆ. ಆದಿಕಾಂಡದ 50, ವಿಮೋಚನಕಾಂಡದ 40 ಅಧ್ಯಾಯಗಳು ಮುಗಿದು ಯಾಜಕಕಾಂಡದ ಬಲಿ ವಿಧಿಗಳು ಎದುರಾಗುವುದು ಜನವರಿ ಕೊನೆಗೆ, ಅಂದರೆ ಈ ಭಾಗದ ಹೊಲಗಳಲ್ಲಿ ರಾಶಿ ಕೆಲಸ ಇನ್ನೂ ಮುಗಿಯದಿರುವ ಹೊತ್ತಿಗೆ. ಓದು ಅಲ್ಲಿ ನಿಲ್ಲುತ್ತದೆ. ಆಮೇಲೆ ದಿನ ಕಳೆದಷ್ಟೂ ಬಾಕಿ ಬೆಳೆಯುತ್ತದೆ. ಒಂದು ತಿಂಗಳಿಗೆ ನೂರು ಅಧ್ಯಾಯದಷ್ಟಾದ ಬಾಕಿ ನೋಡಿ ಪುಸ್ತಕ ತೆರೆಯಲು ನಾಚಿಕೆಯಾಗುತ್ತದೆ. ಮೊಬೈಲ್ ಆ್ಯಪ್‌ಗಳು ತಪ್ಪಿದ ದಿನಗಳನ್ನು ಲೆಕ್ಕ ಹಾಕಿ ತೋರಿಸಿ ಈ ನಾಚಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಅಂಥ ಸೂಚನೆಗಳನ್ನು ಆಫ್ ಮಾಡಿಡುವುದೇ ಲೇಸು.

ಮರಳುವವರು ನಿಲ್ಲಿಸಿದಲ್ಲಿಂದಲೇ ಮುಂದುವರಿಸಬೇಕೆಂಬ ನಿಯಮ ಎಲ್ಲೂ ಇಲ್ಲ. ಹಳೆಯ ಬಾಕಿಯನ್ನು ಪೂರ್ತಿ ಕೈಬಿಟ್ಟು, ತಪ್ಪಿದರೂ ಬಾಕಿಯೇ ಉಳಿಯದ ಕ್ರಮವನ್ನು ಆರಿಸಿಕೊಳ್ಳಬೇಕು. ಅಂಥವು ಎರಡಿವೆ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿರುವುದರಿಂದ ತಾರೀಖಿಗೆ ಸರಿಯಾಗಿ ಓದಬಹುದು. 16ನೇ ತಾರೀಖು ತಪ್ಪಿದರೆ 17ರಂದು 17ನೇ ಅಧ್ಯಾಯ, ಹಿಂದಿನದಕ್ಕೆ ಮುಂದಿನ ತಿಂಗಳು ಇದ್ದೇ ಇದೆ. ಎರಡನೆಯದು ಹೊಸ ಒಡಂಬಡಿಕೆಯದು. ವಾರಕ್ಕೆ ಐದೇ ಅಧ್ಯಾಯವೆಂದರೂ 52 ವಾರಕ್ಕೆ ಸರಿಯಾಗಿ 260 ಆಗುತ್ತದೆ. ವಾರದಲ್ಲಿ ಎರಡು ದಿನ ಬಿಡುವು. ಪಾಳಿ ಬದಲಾಗುವ ದಿನ, ಸಂತೆಯ ದಿನ, ಜ್ವರ ಬಂದ ದಿನ ಎಲ್ಲ ಅದರೊಳಗೆ ಹೊಂದಿಕೊಳ್ಳುತ್ತವೆ.

ಇಡೀ ಹೊಸ ಒಡಂಬಡಿಕೆಯೂ ಸದ್ಯಕ್ಕೆ ದೊಡ್ಡದೆನಿಸಿದರೆ ಚಿಕ್ಕ ಪುಸ್ತಕವೊಂದನ್ನು ಹಿಡಿಯಬಹುದು. ಯೇಸುವಿನ ಜೀವನಕ್ಕೆ ಮರಳಲು ಮಾರ್ಕನ ಸುವಾರ್ತೆ ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ. ಕಥೆ ಬಿರುಸಾಗಿ ಸಾಗುತ್ತದೆ. ದಿನನಿತ್ಯದ ನಡತೆಗೆ ಯಾಕೋಬನ ಪತ್ರ, ಐದೇ ಅಧ್ಯಾಯ. ಹಳೆಯ ಒಡಂಬಡಿಕೆಯಲ್ಲಾದರೆ ರೂತಳ ಪುಸ್ತಕಕ್ಕಿಂತ ಒಳ್ಳೆಯ ಬಾಗಿಲಿಲ್ಲ, ಅದರಲ್ಲೂ ಹೊಲ ಬಲ್ಲ ಸೀಮೆಯವರಿಗೆ.

ಒಂದು ಅಧ್ಯಾಯ, ಮೂರು ದಿನ

ರೂತಳ ಪುಸ್ತಕ ನಾಲ್ಕೇ ಅಧ್ಯಾಯ, 85 ವಚನ. ಅವಸರವಿಲ್ಲದೆ ಓದಿದರೂ ಅರ್ಧ ತಾಸಿನೊಳಗೆ ಮುಗಿಯುತ್ತದೆ. ಮೊದಲ ದಿನ ಹಾಗೆಯೇ ಒಂದೇ ಉಸಿರಿಗೆ ಓದಿ, ಮರುದಿನದಿಂದ ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಹಿಡಿದರೆ ಓದಿಗೂ ಅಧ್ಯಯನಕ್ಕೂ ಇರುವ ಅಂತರ ತಾನಾಗಿ ತಿಳಿಯುತ್ತದೆ.

ಮೊದಲ ಸುತ್ತಿನಲ್ಲಿ ಬರೀ ಗಮನಿಸುವುದು: ಯಾರು, ಎಲ್ಲಿ, ಯಾವಾಗ, ಏನು ನಡೆಯಿತು. ಗಂಡನನ್ನು ಕಳೆದುಕೊಂಡ ಮೋವಾಬಿನ ಹೆಣ್ಣುಮಗಳು ಅತ್ತೆಯ ಜೊತೆ ಬೇತ್ಲೆಹೇಮಿಗೆ ಬಂದಿದ್ದಾಳೆ. ಜವೆಗೋಧಿಯ ಕೊಯ್ಲು ಆಗಷ್ಟೇ ಶುರು. ಆಕೆ ಕೊಯ್ಯುವವರ ಹಿಂದೆ ಹಕ್ಕಲಾಯುತ್ತಾ ಬೋವಜನ ಹೊಲಕ್ಕೆ ಬರುತ್ತಾಳೆ. ಊಟದ ಹೊತ್ತಿಗೆ ಆಕೆಗೆ ಹುರಿದ ಕಾಳು ಸಿಗುತ್ತದೆ, ಹಿಂಗಾರಿ ಜೋಳದ ಹೊಲದಲ್ಲಿ ಸುಟ್ಟು ತಿನ್ನುವ ಸೀತನಿಯಂಥದ್ದು. ಹೊಟ್ಟೆ ತುಂಬಿ ಉಳಿದದ್ದನ್ನು ಅತ್ತೆಗೆಂದು ತೆಗೆದಿಡುತ್ತಾಳೆ. ಬೋವಜ ಆಳುಗಳಿಗೆ, ಸಿವುಡಿನಿಂದ ಬೇಕೆಂದೇ ತೆನೆ ಎಳೆದು ಅವಳಿಗಾಗಿ ಬೀಳಿಸುವಂತೆ ಹೇಳುತ್ತಾನೆ. ಸಂಜೆ ಬಡಿದು ಅಳೆದರೆ ಒಂದು ಏಫಾ, ಈಗಿನ ಲೆಕ್ಕಕ್ಕೆ ಸುಮಾರು 22 ಲೀಟರಿನಷ್ಟು ಕಾಳು. ಒಬ್ಬಳೇ ಹೆಂಗಸು ಒಂದು ದಿನದ ಹಕ್ಕಲಿನಲ್ಲಿ ಇಷ್ಟು ತಂದದ್ದು ಹೆಚ್ಚೇ ಎಂಬುದನ್ನು ಪಟ್ಟಣದ ವ್ಯಾಖ್ಯಾನಕಾರರಿಗಿಂತ ಹಕ್ಕಲಾಯ್ದವರು ಬೇಗ ಹಿಡಿಯುತ್ತಾರೆ.

ಎರಡನೆಯ ಸುತ್ತಿನಲ್ಲಿ ಅರ್ಥ ಕೇಳುವುದು. ಪರರ ಹೊಲಕ್ಕೆ ನುಗ್ಗಿ ತೆನೆ ಆರಿಸಲು ಅವಳಿಗೆ ಹಕ್ಕು ಕೊಟ್ಟವರು ಯಾರು? ಅಂಚಿನಲ್ಲಿ ಅಥವಾ ಪುಟದ ಕೆಳಗೆ ಸಮಾನ ವಾಕ್ಯಗಳನ್ನು ಸೂಚಿಸಿರುವ ಪ್ರತಿಯಿದ್ದರೆ ಅದು ಯಾಜಕಕಾಂಡ 19ಕ್ಕೂ ಧರ್ಮೋಪದೇಶಕಾಂಡ 24ಕ್ಕೂ ಕರೆದೊಯ್ಯುತ್ತದೆ. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಬಿದ್ದ ತೆನೆಯನ್ನು ಮತ್ತೆ ಆಯಬಾರದು, ಮರೆತ ಸಿವುಡನ್ನು ತರಲು ಹಿಂದಿರುಗಬಾರದು; ಅದು ಬಡವರ, ಪರದೇಶಿಯ, ಅನಾಥರ, ವಿಧವೆಯರ ಪಾಲು ಎಂಬ ಆಜ್ಞೆ ಅಲ್ಲಿದೆ. ಜನವರಿಯಲ್ಲಿ ಬೇಸರ ತಂದು ಓದು ನಿಲ್ಲಿಸಿದ್ದ ಯಾಜಕಕಾಂಡ ಇಲ್ಲಿ ಒಬ್ಬ ವಿಧವೆಯ ರಾತ್ರಿಯ ಊಟವಾಗಿ ಕಾಣಿಸಿಕೊಳ್ಳುತ್ತದೆ. ಕಾನೂನನ್ನು ಕಥೆಯ ಮೂಲಕ ಮುಟ್ಟುವ ಈ ದಾರಿ, ನೇರವಾಗಿ ಮೊದಲ ಪುಟದಿಂದ ಓದುವ ದಾರಿಗಿಂತ ಮರಳುವವರಿಗೆ ಹೆಚ್ಚು ಹಿಡಿಸುತ್ತದೆ. ಇನ್ನೊಂದು ತೊಡಕಿನ ಪ್ರಶ್ನೆಯೂ ಏಳುತ್ತದೆ: ಧರ್ಮೋಪದೇಶಕಾಂಡ 23 ಮೋವಾಬ್ಯರನ್ನು ಸಭೆಯಿಂದ ಹೊರಗಿಡುತ್ತದೆ, ಮತ್ತಾಯನ ಮೊದಲ ಅಧ್ಯಾಯವೋ ಇದೇ ಮೋವಾಬಿನ ರೂತಳನ್ನು ಯೇಸುವಿನ ವಂಶಾವಳಿಯಲ್ಲಿ ಹೆಸರಿಸುತ್ತದೆ. ಇದಕ್ಕೆ ಆ ದಿನವೇ ಉತ್ತರ ಸಿಗದಿದ್ದರೆ ಪ್ರಶ್ನೆಯನ್ನು ಬರೆದಿಟ್ಟು ಸಭಾಪಾಲಕರನ್ನು ಕೇಳಬೇಕು.

ಮೂರನೆಯ ಸುತ್ತು ಅನ್ವಯದ್ದು. ಅದು ನಿರ್ದಿಷ್ಟವಾಗಿರಬೇಕು. 'ಬಡವರಿಗೆ ದಯೆ ತೋರಬೇಕು' ಎಂದು ಬರೆದುಕೊಂಡರೆ ಏನೂ ಬರೆದಂತಾಗಲಿಲ್ಲ. ಈ ಸಲದ ರಾಶಿಯಲ್ಲಿ ಕೂಲಿಯವರಿಗೆ ಏನು ಬಿಡುವುದು, ಓಣಿಯಲ್ಲಿ ಒಂಟಿಯಾಗಿರುವ ಮುದುಕಿಯ ಮನೆಗೆ ಯಾವತ್ತು ಹೋಗುವುದು ಎಂಬಷ್ಟಕ್ಕೆ ಇಳಿದರೆ ಅದು ಅನ್ವಯ.

ಇಷ್ಟಕ್ಕೆ ಒಂದು ನೂರು ಪುಟದ ನೋಟ್‌ಬುಕ್ ಸಾಕು. ತಾರೀಖು, ಓದಿದ ಭಾಗ, ಕಂಡದ್ದು ಒಂದು ಸಾಲು, ಅರ್ಥವಾಗದ್ದು ಒಂದು ಸಾಲು, ಮಾಡಬೇಕಾದದ್ದು ಒಂದು ಸಾಲು. ಅರ್ಥವಾಗದ್ದನ್ನು ಬರೆಯುವ ಸಾಲನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ; ಅಧ್ಯಯನ ಬೆಳೆಯುವುದು ಮಾತ್ರ ಆ ಸಾಲಿನಿಂದಲೇ.

ಪುಸ್ತಕ, ಫೋನು, ಕಿವಿ

ಕನ್ನಡದಲ್ಲಿ ಪೂರ್ಣ ಸತ್ಯವೇದ ದೊರೆತು ಎರಡು ಶತಮಾನದ ಹತ್ತಿರ ಹತ್ತಿರ ಆಗುತ್ತಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕೈಗೆತ್ತಿಕೊಂಡ ಅನುವಾದ 1831ರ ಹೊತ್ತಿಗೆ ಪೂರ್ಣಗೊಂಡಿತು. ಆಮೇಲೆ ಹಲವು ಪರಿಷ್ಕರಣೆಗಳಾಗಿವೆ. ಈಗ ಬಳಕೆಯಲ್ಲಿರುವ ಭಾರತೀಯ ಬೈಬಲ್ ಸೊಸೈಟಿಯ ಹಳೆಯ ಭಾಷಾಂತರ ಅನೇಕ ಸಭೆಗಳಲ್ಲಿ ಓದಿಗೆ ರೂಢಿಯಾದದ್ದು. ಬಾಯಿಪಾಠವಾಗಿರುವ ವಚನಗಳೆಲ್ಲ ಹಿರಿಯರಿಗೆ ಅದರಲ್ಲೇ ಇರುತ್ತವೆ. ಅದೇ ಸೊಸೈಟಿಯ ಸರಳ ಭಾಷೆಯ ಅನುವಾದದಲ್ಲಿ ವಾಕ್ಯಗಳು ಚಿಕ್ಕವು, ಆಡುಮಾತಿಗೆ ಹತ್ತಿರ. ಮರಳಿ ಓದುವವರು ಸರಳವಾದದ್ದನ್ನು ಓದಿಗೂ ಹಳೆಯದನ್ನು ಕಂಠಪಾಠಕ್ಕೂ ಇಟ್ಟುಕೊಂಡರೆ ಜಗಳವಿಲ್ಲ. ಹಳೆಯದರಲ್ಲಿ 'ಯೆಹೋವ' ಎಂದಿರುವಲ್ಲಿ ಸರಳ ಅನುವಾದ 'ಸರ್ವೇಶ್ವರ' ಎನ್ನುತ್ತದೆ ಎಂಬುದು ಗೊತ್ತಿದ್ದರೆ, ಎರಡು ಪ್ರತಿ ಹಿಡಿದು ಕೂಡಿ ಓದುವಾಗ ಗೊಂದಲವಾಗುವುದಿಲ್ಲ.

ಯೂವರ್ಷನ್‌ನಂಥ ಉಚಿತ ಆ್ಯಪ್‌ಗಳಲ್ಲಿ ಈ ಅನುವಾದಗಳೂ ಕನ್ನಡ ಧ್ವನಿಮುದ್ರಿಕೆಯೂ ಸಿಗುತ್ತವೆ. ಓದು ಬಾರದ ಹಿರಿಯರಿಗೆ, ಕಣ್ಣು ಮಂಜಾದವರಿಗೆ ಕೇಳುವುದೇ ಅಧ್ಯಯನ. ಸತ್ಯವೇದದ ಬಹುಭಾಗ ಮೊದಲಿಗೆ ಜನರನ್ನು ತಲುಪಿದ್ದೂ ಕಿವಿಯ ಮೂಲಕವೇ. ಮಾರ್ಕನ ಸುವಾರ್ತೆಯನ್ನು ಸುಮಾರು ಒಂದೂವರೆ ತಾಸಿನಲ್ಲಿ ಪೂರ್ತಿ ಕೇಳಬಹುದು. ಕಾಲನಿಗಳಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಮಾತ್ರ ತಡವರಿಸುತ್ತಾರೆ. ಅವರು ಧ್ವನಿ ಕೇಳುತ್ತಾ ಅಕ್ಷರದ ಮೇಲೆ ಕಣ್ಣೋಡಿಸಿದರೆ ಕೆಲವೇ ತಿಂಗಳಲ್ಲಿ ಸರಾಗವಾಗುತ್ತದೆ. ಮನೆಮಾತು ತೆಲುಗೋ ಮರಾಠಿಯೋ ಆಗಿರುವ ಕುಟುಂಬಗಳು ಚರ್ಚಿನ ಭಾಷೆ ಕನ್ನಡವೆಂದು ಇಲ್ಲೂ ಕನ್ನಡದಲ್ಲೇ ಹೆಣಗಬೇಕಿಲ್ಲ. ಪ್ರಾರ್ಥನೆ ಯಾವ ಭಾಷೆಯಲ್ಲಿ ತಾನಾಗಿ ಬರುತ್ತದೋ ಆ ಭಾಷೆಯ ಪ್ರತಿ ಒಳ್ಳೆಯದು.

ಫೋನಿನ ತೊಂದರೆ ಎಲ್ಲರಿಗೂ ತಿಳಿದದ್ದೇ. ವಾಟ್ಸಾಪ್ ಸಂದೇಶ ಬಂದರೆ ಅಧ್ಯಾಯ ಅಲ್ಲಿಗೆ ಮುಗಿಯಿತು. ಅಧ್ಯಯನಕ್ಕೆ ಮುದ್ರಿತ ಪ್ರತಿ, ಪ್ರಯಾಣಕ್ಕೆ ಫೋನು.

ವಾಗ್ದಾನದ ಕಾರ್ಡು ಮತ್ತು ಪೂರ್ತಿ ಅಧ್ಯಾಯ

ಹೊಸ ವರ್ಷದ ದಿನ ವಾಗ್ದಾನದ ವಚನದ ಕಾರ್ಡು ಎತ್ತಿಕೊಳ್ಳುವ ರೂಢಿ ಅನೇಕ ಸಭೆಗಳಲ್ಲಿದೆ. ಓದು ನಿಂತವರ ಪಾಲಿಗೆ ವರ್ಷಪೂರ್ತಿ ಉಳಿಯುವ ಸತ್ಯವೇದ ಎಂದರೆ ಬಾಗಿಲಿಗೆ ಅಂಟಿಸಿದ ಆ ಒಂದು ವಚನ ಮತ್ತು ಬೆಳಿಗ್ಗೆ ಗ್ರೂಪಿನಲ್ಲಿ ಬರುವ ಚಿತ್ರ. ಅದನ್ನು ಹೀಗಳೆಯುವ ಬದಲು ಅದರಿಂದಲೇ ಓದಿಗೆ ಇಳಿಯಬಹುದು. ಯೆರೆಮೀಯ 29:11 ಇಂಥ ಕಾರ್ಡುಗಳಲ್ಲಿ ಬಹಳ ಕಾಣುವ ವಚನ, ದೇವರ ಯೋಜನೆ ಕೇಡಿನದಲ್ಲ ಹಿತದ್ದು ಎಂಬ ಭರವಸೆ. ಮೊದಲಿನಿಂದ ಓದಿದರೆ ಅದು ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಪತ್ರವೆಂದು ತಿಳಿಯುತ್ತದೆ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ಆ ಪರ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುವ ಪತ್ರ, ಬಿಡುಗಡೆಗೆ ಎಪ್ಪತ್ತು ವರ್ಷವೆಂದೂ ಹಿಂದಿನ ವಚನದಲ್ಲೇ ಹೇಳಿಬಿಡುತ್ತದೆ. ಈ ವರ್ಷವೇ ಬಡ್ತಿ ಸಿಗುತ್ತದೆಂದು ಕಾರ್ಡು ಹಿಡಿದವರಿಗೆ ಇದು ಕೊಂಚ ಕಸಿವಿಸಿ ತರಬಹುದು. ನೌಕರಿಗಾಗಿ ಊರು ಬಿಟ್ಟು ಬಂದು ಕಾಲನಿ ಮನೆಯಲ್ಲಿ ಅರ್ಧ ಆಯುಷ್ಯ ಕಳೆದವರಿಗೆ ಕಾರ್ಡಿಗಿಂತ ಪತ್ರವೇ ಹೆಚ್ಚು ಕೊಡುತ್ತದೆ. ವಚನವೊಂದು ಮನಸ್ಸಿಗೆ ಹಿಡಿದಾಗೆಲ್ಲ ಆ ಅಧ್ಯಾಯವನ್ನು ಪೂರ್ತಿ ಓದುವ ನಿಯಮ ಇಟ್ಟುಕೊಂಡರೆ ಬೇರೆ ಯೋಜನೆಯೇ ಬೇಡವಾದೀತು.

ದುಃಖದಿಂದ ಓದು ಬಿಟ್ಟವರ ವಿಷಯ ಬೇರೆ. ಮನೆಯಲ್ಲಿ ಸಾವಾಗಿ, ಪ್ರಾರ್ಥಿಸಿದ್ದು ನಡೆಯದೆ, ಅಥವಾ ಸಭೆಯೊಳಗಿನ ಜಗಳದಿಂದ ಮನಸ್ಸು ಮುರಿದು ಪುಸ್ತಕ ಮುಚ್ಚಿದವರಿಗೆ ಹದಿನೈದು ನಿಮಿಷದ ಉಪಾಯ ಕೆಲಸಕ್ಕೆ ಬರುವುದಿಲ್ಲ. ಅವರು ಶುರು ಮಾಡಬೇಕಾದದ್ದು ಕೀರ್ತನೆಗಳಿಂದ, ಅದರಲ್ಲೂ 13, 42, 77, 88ರಂಥ ದೂರಿನ ಕೀರ್ತನೆಗಳಿಂದ. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ತಿರುವೇನೂ ಇಲ್ಲ. ಅಂಥದ್ದೊಂದು ಸತ್ಯವೇದದೊಳಗೇ ಇದೆ ಎಂಬುದು ಎಷ್ಟೋ ಜನರಿಗೆ ಪುಸ್ತಕವನ್ನು ಮತ್ತೆ ತೆರೆಯಲು ಸಾಕಾಗುವ ಕಾರಣ. ಇಂಥ ಹೊತ್ತಿನಲ್ಲಿ ಟಿಪ್ಪಣಿ ಬರೆಯುವುದೂ ಬೇಡ. ಗಟ್ಟಿಯಾಗಿ ಓದಿದರೆ ಅದೇ ಪ್ರಾರ್ಥನೆ. ನೋವು ತಿಂಗಳುಗಟ್ಟಲೆ ನಿದ್ದೆ, ಊಟವನ್ನೇ ಕೆಡಿಸಿದ್ದರೆ ಓದಿನ ಜೊತೆಗೆ ವೈದ್ಯರನ್ನೂ ಕಾಣಬೇಕು.

ಕಥೋಲಿಕರಿಗೆ ಸಿದ್ಧವಾದ ಕ್ರಮ ಕೈಯಲ್ಲೇ ಇದೆ. ಚರ್ಚು ದೂರವಿದ್ದು ಪ್ರತಿದಿನ ಪೂಜೆಗೆ ಹೋಗಲಾಗದವರು ಆಯಾ ದಿನದ ಪೂಜಾ ವಾಚನಗಳನ್ನು ಮನೆಯಲ್ಲೇ ಓದಬಹುದು. ಭಾನುವಾರದ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ, ವಾರದ ದಿನಗಳವು ಎರಡು ವರ್ಷದ ಸುತ್ತಿನಲ್ಲಿ ಬರುತ್ತವೆ. ಇಲ್ಲೂ ತಪ್ಪಿದ ದಿನದ ಬಾಕಿ ಇಲ್ಲ. ಅವರ ಬೈಬಲಿನಲ್ಲಿ 73 ಪುಸ್ತಕಗಳಿರುವುದರಿಂದ ಪ್ರತಿ ಕೊಳ್ಳುವಾಗ ಅದನ್ನು ನೋಡಿಕೊಳ್ಳಬೇಕು. ಹನ್ನೆರಡನೆಯ ಶತಮಾನದ ಸನ್ಯಾಸಿ ಎರಡನೆಯ ಗ್ವಿಗೊ ವಿವರಿಸಿದ ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳು ಮೇಲಿನ ಮೂರು ಸುತ್ತುಗಳಿಗಿಂತ ನಿಧಾನ. ನೋಟ್‌ಬುಕ್ಕಿನ ಶಿಸ್ತು ಒಗ್ಗದವರಿಗೆ, ಯಾವ ಸಭೆಯವರಾದರೂ ಸರಿ, ಇದು ಹೆಚ್ಚು ಒಗ್ಗುತ್ತದೆ.

ವೈಯಕ್ತಿಕ ಓದು ಒಂಟಿಯಾಗಿಯೇ ಉಳಿದರೆ ಬಹುಕಾಲ ಬಾಳುವುದಿಲ್ಲ. ಅದಕ್ಕೆ ದೊಡ್ಡ ಕೂಟ ಬೇಕಿಲ್ಲ. ಅದೇ ಪುಸ್ತಕವನ್ನು ಅದೇ ವೇಗದಲ್ಲಿ ಓದುವ ಇನ್ನೊಬ್ಬರು, ವಾರಕ್ಕೊಮ್ಮೆ ಹತ್ತು ನಿಮಿಷದ ಫೋನು, ಇಬ್ಬರ ನೋಟ್‌ಬುಕ್ಕಿನ ಅರ್ಥವಾಗದ ಸಾಲುಗಳ ವಿನಿಮಯ, ಇಷ್ಟು ಸಾಕು. ಒಂದೇ ಪಾಳಿಯವರಾದರೆ ಇನ್ನೂ ಅನುಕೂಲ. ಮನೆ ಪ್ರಾರ್ಥನೆ ನಡೆಯುವ ಓಣಿಗಳಲ್ಲಿ ಆ ಕೂಟಕ್ಕೇ ಪ್ರಶ್ನೆ ತರಬಹುದು. ಯಾವುದೋ ಚಾನೆಲ್ಲಿನ ಬೋಧಕರು ಒಂದು ವಚನವನ್ನು ಹಿಡಿದು ಹಣ ಕೇಳಿದರೆ, ರೋಗಕ್ಕೆ ಔಷಧ ಬಿಡಿಸಿದರೆ, ಲೋಕಾಂತ್ಯದ ತಾರೀಖು ಹೇಳಿದರೆ ಆ ವಚನದ ಪೂರ್ತಿ ಅಧ್ಯಾಯ ತೆಗೆದು ನೋಡುವಷ್ಟು ಅಭ್ಯಾಸ ಇಂಥ ಜೊತೆಗಾರಿಕೆಯಲ್ಲಿ ಬೇಗ ಬರುತ್ತದೆ.

ಮತ್ತೆ ಹಿಡಿದ ಓದೂ ನಡುವೆ ತಪ್ಪುತ್ತದೆ. ಎರಡು ದಿನ ತಪ್ಪಿದರೆ ಮೂರನೆಯ ದಿನ ಆ ದಿನದ್ದನ್ನು ಓದುವುದು. ಎರಡು ವಾರ ತಪ್ಪಿದರೆ ಓದುತ್ತಿದ್ದ ಪುಸ್ತಕದ ಮೊದಲ ಅಧ್ಯಾಯವನ್ನೊಮ್ಮೆ ತಿರುವಿ ನಿಲ್ಲಿಸಿದಲ್ಲಿಗೆ ಬರುವುದು. ಪದೇ ಪದೇ ತಪ್ಪುತ್ತಿದ್ದರೆ ಹೊತ್ತು ಸರಿಯಾಗಿ ಕೂತಿಲ್ಲ ಎಂದರ್ಥ. ಓದಿನ ಪ್ರಮಾಣ ಅರ್ಧಕ್ಕಿಳಿಸಿ ಬೇರೆ ಹೊತ್ತಿಗೆ ಕಟ್ಟಿ ನೋಡಬೇಕು. ರೂತಳು, ಮಾರ್ಕ, ಯಾಕೋಬ ಮುಗಿದ ಮೇಲೆ ದಾರಿ ಅಗಲವಾಗುತ್ತದೆ. ರೂತಳ ಮರಿಮಗ ದಾವೀದನ ಕಥೆಗೆ 1 ಸಮುವೇಲ, ಮಾರ್ಕನ ನಂತರದ ಸಭೆಯ ಕಥೆಗೆ ಅಪೊಸ್ತಲರ ಕೃತ್ಯಗಳು, ಪಕ್ಕದಲ್ಲಿ ದಿನಕ್ಕೊಂದರಂತೆ 150 ಕೀರ್ತನೆಗಳು ಐದು ತಿಂಗಳಿಗೆ. 119ನೆಯ ಕೀರ್ತನೆ ಮಾತ್ರ 176 ವಚನದ್ದು. ಅದು ಎಂಟೆಂಟು ವಚನಗಳ 22 ಭಾಗವಾಗಿಯೇ ರಚನೆಯಾಗಿರುವುದರಿಂದ ದಿನಕ್ಕೊಂದು ಭಾಗದಂತೆ ಬೇರೆಯಾಗಿ ಓದಬಹುದು.